ಮೊದಲು ಹೊದಿಸಿರಿ, ಆಮೇಲೆ ಮಾತಾಡಿರಿ



ಕ್ರಿ.ಶ. 610ರ ಆ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣಗೊಂಡಿತ್ತು. ಪ್ರವಾದಿವರ್ಯರು(ಸ) ನಡುಗುವ ಎದೆಯೊಂದಿಗೆ ಮನೆಗೆ ಬಂದು, ತಮಗೆ ಹೊದಿಸುವಂತೆ ಕೇಳಿಕೊಂಡರು. ಹ. ಖದೀಜಾ(ರ) ಮೊದಲು ಹೊದಿಸಿದರು. ನಡುಕ ಇಳಿದ ಮೇಲೆ ಅವರು ಹೇಳಿದ್ದನ್ನೆಲ್ಲ ಆಲಿಸಿದರು. ಬಂಧುಗಳನ್ನು ಆದರಿಸುವ, ದುರ್ಬಲರ ಹೊರೆ ಹೊರುವ, ಅತಿಥಿಗಳನ್ನು ಸತ್ಕರಿಸುವ ನಿಮ್ಮನ್ನು ಅಲ್ಲಾಹನು ಎಂದಿಗೂ ಕೈಬಿಡಲಾರನು ಎಂಬ ಅರ್ಥದ ಮಾತುಗಳಿಂದ ಧೈರ್ಯ ತುಂಬಿದರು. ಅಷ್ಟಕ್ಕೇ ನಿಲ್ಲದೆ, ತಿಳಿದವರಾದ ವರಕಾ ಬಿನ್ ನೌಫಲ್‌ರ ಬಳಿಗೆ ಕರೆದುಕೊಂಡು ಹೋದರು.

ಪ್ರವಾದಿವರ್ಯರ(ಸ) ಆ ಮಹಾನ್ ಅನುಭವವನ್ನು ನಮ್ಮ ಮಕ್ಕಳ ಚಿಂತೆಗೆ ಹೋಲಿಸುವಂತಿಲ್ಲ. ಆದರೆ ಆ ಮನೆಯಲ್ಲಿ ಖದೀಜಾ(ರ) ನಡೆದುಕೊಂಡ ರೀತಿಯಲ್ಲಿ ನಮ್ಮೆಲ್ಲರ ಮನೆಗಳಿಗೂ ಪಾಠವಿದೆ. ಹೊದಿಸುವುದು, ಆಲಿಸುವುದು, ಒಳ್ಳೆಯದನ್ನು ನೆನಪಿಸುವುದು, ತಿಳಿದವರ ಬಳಿಗೆ ಒಯ್ಯುವುದು. ಈ ನಾಲ್ಕರಲ್ಲಿ ಇಂದು ನಾವು ಎಷ್ಟನ್ನು ಮಾಡುತ್ತಿದ್ದೇವೆ?

ಆಳಂದ ತಾಲೂಕಿನ ನಿಂಬರ್ಗಾ ಮತ್ತು ಸುತ್ತಲಿನ ಹಳ್ಳಿಗಳನ್ನೇ ತೆಗೆದುಕೊಳ್ಳಿರಿ. ಇದು ಮಳೆಯನ್ನು ನಂಬಿದ ತೊಗರಿಯ ಸೀಮೆ. ಮಳೆ ತಪ್ಪಿದರೆ ಸಾಲ, ಸಾಲ ಬೆಳೆದರೆ ಪುಣೆ-ಮುಂಬಯಿಯ ದಾರಿ. ತಂದೆ ದೂರದಲ್ಲಿ ದುಡಿಯುತ್ತಾನೆ. ತಾಯಿ ಹೊಲ-ಮನೆ ಎರಡನ್ನೂ ನೋಡಿಕೊಳ್ಳುತ್ತಾಳೆ. ಈ ಕಷ್ಟವೆಲ್ಲ ನಿನ್ನ ಓದಿಗಾಗಿಯೇ ಎಂದು ಮಗುವಿಗೆ ದಿನಕ್ಕೆ ಹತ್ತು ಸಲ ಹೇಳಲಾಗುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಹದಿನೈದರ ಹೆಗಲ ಮೇಲೆ ಇಡೀ ಮನೆಯ ಸಾಲ ಕುಳಿತುಬಿಡುತ್ತದೆ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43 ಆಗಿತ್ತು; ರಾಜ್ಯದಲ್ಲೇ ಕೊನೆಯ ಸ್ಥಾನ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂದು ಸಪ್ಪೆ ಮುಖ ಹೊತ್ತು ಮನೆಯ ಹೊಸ್ತಿಲು ತುಳಿದರು. ಆ ಹೊಸ್ತಿಲಲ್ಲಿ ಅವರಿಗೆ ಸಿಕ್ಕಿದ್ದು ಹೊದಿಕೆಯೋ, ಬೈಗುಳವೋ? ಅದೇ ವರ್ಷ ಎರಡನೆಯ, ಮೂರನೆಯ ಪರೀಕ್ಷೆಗಳಿದ್ದವು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಅವಕಾಶಗಳ ಪದ್ಧತಿ ಬಂದಿತ್ತು. ಸರಕಾರವೇ ಒಂದಕ್ಕಿಂತ ಹೆಚ್ಚು ಬಾಗಿಲು ತೆರೆದಿರುವಾಗ ತಂದೆ-ತಾಯಿ ಇರುವ ಒಂದು ಬಾಗಿಲನ್ನೂ ಮುಚ್ಚಬೇಕೆ?

ಚಿಂತೆ ಯಾವಾಗಲೂ ಚಿಂತೆಯ ವೇಷದಲ್ಲಿಯೇ ಬರುವುದಿಲ್ಲ. ಪರೀಕ್ಷೆ ಹತ್ತಿರವಾದಂತೆ ಹೊಟ್ಟೆನೋವು, ತಲೆನೋವು, ಎದೆ ಡವಡವ ಎನ್ನುವುದು, ನಿದ್ದೆ ಬಾರದಿರುವುದು, ಊಟದ ತಟ್ಟೆ ದೂರ ತಳ್ಳುವುದು, ಸಣ್ಣ ಮಾತಿಗೆ ಸಿಡುಕುವುದು, ಗೆಳೆಯರನ್ನು ಬಿಟ್ಟು ಮೂಲೆ ಸೇರುವುದು. ಇವನ್ನು ಸೋಮಾರಿತನ, ಸೊಕ್ಕು ಎಂದು ಕರೆದುಬಿಡುವುದು ಸುಲಭ. 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಇದು ಯಾರದೋ ಮನೆಯ ಮಾತಲ್ಲ.

ನಮ್ಮಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಮಗ ಹೆದರಿಕೆಯೆಂದರೆ, "ನಿನ್ನಲ್ಲಿ ಈಮಾನ್ ಕಡಿಮೆ, ನಮಾಝ್ ಸರಿಯಾಗಿ ಮಾಡು" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ನಮಾಝ್ ಮನಸ್ಸಿಗೆ ನೆಮ್ಮದಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ದೊಣ್ಣೆಯಂತೆ ಬಳಸಬಾರದು. ಪ್ರವಾದಿ ಯಅ್‌ಕೂಬ್‌ರ(ಅ) ಕಣ್ಣುಗಳು ಮಗನ ಅಗಲಿಕೆಯ ದುಃಖದಿಂದ ಬಿಳಿಚಿಕೊಂಡವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಕಡಿಮೆಯಾಗಿತ್ತೇ? ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಪ್ರವಾದಿ ಮೂಸಾ(ಅ) ತಮ್ಮ ಭಯವನ್ನು ಅಲ್ಲಾಹನಲ್ಲಿಯೇ ಹೇಳಿಕೊಂಡು, ಸಹೋದರನ ಬೆಂಬಲ ಬೇಡಿದರು, ಅದು ದೊರೆಯಿತು. ಪ್ರಸವದ ನೋವಿನಲ್ಲಿ ಒಂಟಿಯಾಗಿದ್ದ ಹ. ಮರ್ಯಮ್(ಅ), ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ಮರುಗಿದರು. ಅವರಿಗೆ ಗದರಿಕೆಯ ಉತ್ತರ ಬರಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು. ಕಾಲ ಬಳಿ ಹರಿಯುವ ನೀರು, ಕೈಗೆ ತಾಜಾ ಖರ್ಜೂರ ಬಂತು. ನೊಂದ ಜೀವಕ್ಕೆ ಮೊದಲು ನೀರು, ಆಹಾರ, ಸಮಾಧಾನ. ಇದು ಕರುಣಾಮಯನು ಕಲಿಸಿದ ಕ್ರಮ.

ಹಾಗಾದರೆ ನಾವು ಮಾಡಬೇಕಾದುದೇನು?

ದಿನಕ್ಕೊಮ್ಮೆಯಾದರೂ ಮಗುವಿನೊಂದಿಗೆ ಒಂದೇ ದಸ್ತರ್‌ಖಾನಿನಲ್ಲಿ ಕುಳಿತು ಉಣ್ಣಿರಿ. ಆಗ ಅಂಕಗಳ ಮಾತು ಬೇಡ. ದೂರದಲ್ಲಿ ದುಡಿಯುವ ತಂದೆಯರೇ, ಫೋನಿನಲ್ಲಿ "ಓದುತ್ತಿದ್ದೀಯಾ?" ಎಂಬ ಒಂದೇ ಪ್ರಶ್ನೆ ಕೇಳಬೇಡಿರಿ. "ಹೇಗಿದ್ದೀ ಬೇಟಾ? ರಾತ್ರಿ ನಿದ್ದೆ ಬಂತೇ?" ಎಂದೂ ಕೇಳಿರಿ. ಉತ್ತರ ಬರಲು ತಡವಾದರೆ ಕಾಯಿರಿ. ಚಿಕ್ಕಪ್ಪನ ಮಗನೊಂದಿಗೆ ಹೋಲಿಸಬೇಡಿರಿ. ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖದಲ್ಲಿದ್ದ ಅಬೂ ಉಮೈರ್ ಎಂಬ ಬಾಲಕನನ್ನು ಪ್ರವಾದಿವರ್ಯರು(ಸ) ಪ್ರೀತಿಯಿಂದ ಮಾತನಾಡಿಸಿ, ಆ ಹಕ್ಕಿಯ ಬಗ್ಗೆ ವಿಚಾರಿಸಿದ್ದರು. ದೊಡ್ಡವರಿಗೆ ಸಣ್ಣದೆನಿಸಿದ್ದು ಮಗುವಿಗೆ ಸಣ್ಣದಲ್ಲ.

ರಾತ್ರಿ ಮೊಬೈಲನ್ನು ಮಗುವಿನ ಹಾಸಿಗೆಯಿಂದ ದೂರವಿಡಿರಿ, ನಿಮ್ಮದನ್ನೂ ಇಡಿರಿ. ಇಶಾ ಆದ ಮೇಲೆ ಬೇಗ ಮಲಗುವ ರೂಢಿ ಮನೆಗೆಲ್ಲ ಬರಲಿ. ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಬೇಡುವ ದುಆವನ್ನು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ಮಗುವಿಗೆ ಕಲಿಸಿರಿ. ಅದರ ಮಗ್ಗುಲಲ್ಲಿ ಕುಳಿತು ನೀವೂ ಬೇಡಿರಿ.

ವಾರಗಳು ಕಳೆದರೂ ನಿದ್ದೆ, ಊಟ, ಶಾಲೆ ಹಾದಿಗೆ ಬಾರದಿದ್ದರೆ ವೈದ್ಯರಿಗೆ ತೋರಿಸಿರಿ. ರೋಗ ಕೊಟ್ಟವನು ಔಷಧಿಯನ್ನೂ ಕೊಟ್ಟಿದ್ದಾನೆಂಬುದು ಪ್ರವಾದಿವರ್ಯರ(ಸ) ಬೋಧನೆ. ತಾವೀಝು, ಊದಿಸುವುದು ಎಂದು ತಿಂಗಳುಗಟ್ಟಲೆ ಅಲೆದು ಚಿಕಿತ್ಸೆಯ ಸಮಯ ಕಳೆಯಬೇಡಿರಿ. ಜನ ಏನೆಂದಾರು, ನಾಳೆ ಮಗಳ ನಿಕಾಹ್‌ಗೆ ತೊಡಕಾದೀತು ಎಂದು ಮುಚ್ಚಿಡಬೇಡಿರಿ. ಮೈ ಕಾದರೆ ಆಸ್ಪತ್ರೆಗೆ ಓಡುವ ನಾವು ಮನಸ್ಸು ಕಾದಾಗ ಬಾಗಿಲು ಹಾಕಿಕೊಳ್ಳುವುದೇಕೆ? ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಮುಂದಿನ ದಾರಿ ತೋರಿಸುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಒಂದು ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. "ನಾನು ಇರಬಾರದಿತ್ತು" ಎಂದು ಮಗು ಹೇಳಿದರೆ ಅದು ನಾಟಕವೆಂದು ನಗಬೇಡಿರಿ, ಹರಾಮ್ ಎಂದು ಗದರಬೇಡಿರಿ. ಸಾಯುವ ವಿಚಾರ ಬರುತ್ತಿದೆಯೇ ಎಂದು ಮೆಲ್ಲನೆ ನೇರವಾಗಿ ಕೇಳಿರಿ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬಿಗಳು ನಮ್ಮ ಮನೆಗಳ ಮೂಲೆಯಲ್ಲಿ ಬಿದ್ದಿರುತ್ತವೆ. ಅವನ್ನು ಇಂದೇ ಬೀಗದೊಳಗೆ ಇಡಿರಿ, ಕೀಲಿ ನಿಮ್ಮ ಬಳಿಯೇ ಇರಲಿ. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡುವುದೇ ಅಲ್ಲವೇ?

ಮಕ್ಕಳು ನಮ್ಮ ಕೈಗೆ ಅಲ್ಲಾಹನು ಒಪ್ಪಿಸಿದ ಅಮಾನತ್. ನಾಳೆ ನಮ್ಮಲ್ಲಿ ಅವರ ಅಂಕಪಟ್ಟಿ ಕೇಳಲಾರರು. ಈ ಅಮಾನತನ್ನು ಹೇಗೆ ಕಾಪಾಡಿದಿರೆಂದು ಕೇಳಲಾಗುವುದು. ಇಂದು ರಾತ್ರಿ ನಿಮ್ಮ ಮಗು ಮಲಗಿದಲ್ಲಿಗೆ ಹೋಗಿರಿ. ಜಾರಿದ ಚಾದರವನ್ನು ಮೇಲೆಳೆದು ಹೊದಿಸಿರಿ. ಮಾತು ನಾಳೆ ಬೆಳಿಗ್ಗೆ ಅಲ್ಲಿಂದಲೇ ಆರಂಭವಾಗಲಿ.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳಿಗೆ ನೆಮ್ಮದಿಯನ್ನೂ, ನಮ್ಮ ನಾಲಗೆಗಳಿಗೆ ಮೃದುತ್ವವನ್ನೂ ಕರುಣಿಸಲಿ. ಆಮೀನ್.