ನೀರಿನಡಿಯ ಹಿರಿಯರು

ಮಹಾನವಮಿ ಅಮಾವಾಸ್ಯೆಯಂದು ಬಾಗಲಕೋಟೆ ಸೀಮೆಯ ಅನೇಕ ಮನೆಗಳಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ತೀರಿಹೋದ ಅಜ್ಜನ ಹೆಸರಿನಲ್ಲಿ ಧೋತರ, ಅಜ್ಜಿಯ ಹೆಸರಿನಲ್ಲಿ ಇಳಕಲ್ ಸೀರೆ ಇಟ್ಟು ಪೂಜಿಸುತ್ತಾರೆ. ಪೂಜೆ ಮುಗಿದ ಮೇಲೆ ಹೋಳಿಗೆ ಉಣ್ಣುವವರು ಮನೆಯವರೇ, ಸೀರೆ ಉಡುವವಳು ಸೊಸೆ. ಸತ್ತವರ ಋಣವನ್ನು ಇದ್ದವರಿಗೆ ಸಲ್ಲಿಸುವ ಈ ಹಬ್ಬಕ್ಕೆ ಸಮಾಧಿಯೇ ಬೇಕೆಂದಿಲ್ಲ, ದೇವರ ಜಗಲಿ ಸಾಕು.

ಹಾಗಾದರೆ ಹಿರಿಯರನ್ನು ಹೂಳಿದ ನೆಲ ಮುಳುಗಿದರೆ ಕಳೆದುಕೊಂಡದ್ದೇನು?

ಈ ಸೀಮೆಯಲ್ಲಿ ಇದು ಬರೀ ತರ್ಕದ ಪ್ರಶ್ನೆಯಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಕೃಷ್ಣಾ, ಘಟಪ್ರಭಾ ದಂಡೆಯ ಹಲವು ಊರುಗಳನ್ನೂ ನುಂಗಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಹೊಲಕ್ಕೆ, ಮನೆಗೆ ಒಂದು ಬೆಲೆ ಕಟ್ಟಬಹುದು. ಬೆಳೆಯೂ ಇಲ್ಲದ, ಬಾಡಿಗೆಯೂ ಬಾರದ ಗೋರಿಯನ್ನು ಯಾವ ಅಳತೆಯಿಂದ ಅಳೆಯುವುದು?

ಎಡೆಯೊಂದೇ ಸಾಕೆನ್ನಲು ನನಗೆ ಎರಡು ಸ್ಥಳಗಳು ಅಡ್ಡಬರುತ್ತವೆ. ಒಂದು, ಹುನಗುಂದ ತಾಲ್ಲೂಕಿನ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಉಳಿಸಲೆಂದು ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಎತ್ತರದ ಗೋಡೆ ಕಟ್ಟಿದ್ದಾರೆ. ನೀರು ಏರಿದಾಗ ಅದೊಂದು ದ್ವೀಪ. ಭಕ್ತರು ಮೆಟ್ಟಿಲಿಳಿದು ಹೋಗಿ ಕೈಮುಗಿಯುತ್ತಾರೆ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ಬಸವಣ್ಣನವರ ವಿಷಯದಲ್ಲೂ ಜನ ಆ ನೆಲವನ್ನು ಬಿಟ್ಟುಕೊಡಲಿಲ್ಲ.

ಇನ್ನೊಂದು, ಐಹೊಳೆಯ ಮೇಗುತಿ ಗುಡ್ಡ. ರವಿಕೀರ್ತಿಯ ಕ್ರಿ.ಶ. 634ರ ಶಾಸನ ಇರುವ ಬಸದಿಯ ಸಮೀಪವೇ ಅದಕ್ಕಿಂತ ಎಷ್ಟೋ ಹಳೆಯ ಬೃಹತ್ ಶಿಲಾಗೋರಿಗಳಿವೆ. ಶಾಸನದಲ್ಲಿ ಪುಲಕೇಶಿಯ ಹೆಸರಿದೆ, ಗೋರಿಗಳಲ್ಲಿ ಯಾರ ಹೆಸರೂ ಇಲ್ಲ. ಆದರೂ ಯಾರೋ ತಮ್ಮವರನ್ನು ಇಲ್ಲಿ ಮಲಗಿಸಿದರು ಎಂಬುದು ಆ ಚಪ್ಪಡಿಗಳನ್ನು ನೋಡಿದವರಿಗೆ ತಿಳಿಯುತ್ತದೆ.

ಎಡೆ ಹಿಡಿಯುವಾಗ ನಮ್ಮ ನೆನಪಿಗೆ ಬರುವುದು ಹೆಚ್ಚೆಂದರೆ ಮೂರು ತಲೆಮಾರು. ಅದರಾಚೆಯವರನ್ನು ಒಟ್ಟಾಗಿ 'ಹಿರಿಯರು' ಎನ್ನುತ್ತೇವೆ. ಹೆಸರು ಮರೆತುಹೋದ ಅವರನ್ನು ಕಾಯುತ್ತಿದ್ದದ್ದು ಊರ ಹೊರಗಿನ ಆ ನೆಲ. ಅದು ಮುಳುಗಿದಾಗ ಹೋದವರು ಅವರು. ಅವರ ಪರವಾಗಿ ಅರ್ಜಿ ಹಾಕಲು ಯಾರೂ ಇರಲಿಲ್ಲ.

ಅಣೆಕಟ್ಟಿನ ನೀರು ಎಷ್ಟೋ ಹೊಲಗಳಿಗೆ ಹಸಿರು ತಂದಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ "ಹಿರಿಯರು ನಮ್ಮ ಜೊತೆಗೇ ಬಂದಾರ" ಎಂದು ಮುಳುಗಡೆಯಾದ ಊರಿನ ಅಜ್ಜಿಯೊಬ್ಬಳು ಹೇಳಿಕೊಂಡರೆ ಅದು ಅವಳು ಕಂಡುಕೊಂಡ ಸಮಾಧಾನ. ಅದೇ ಮಾತನ್ನು ನೆಲ ಪಡೆದುಕೊಂಡವರು ಹೇಳಿದರೆ ನುಣುಚಿಕೊಂಡಂತೆ. ಊರು ಎತ್ತಿಸುವ ಮುನ್ನ ಅಲ್ಲಿ ಮಲಗಿದವರನ್ನೂ ಲೆಕ್ಕಕ್ಕೆ ಹಿಡಿಯುವುದು, ಅವರ ಊರಿನ ಹೆಸರನ್ನಾದರೂ ಹೊಸ ದಂಡೆಯಲ್ಲಿ ಒಂದು ಕಲ್ಲಿನ ಮೇಲೆ ಬರೆಸುವುದು ನಮ್ಮ ಮೇಲಿರುವ ಋಣ.