ಡಾಂಬರು ಡ್ರಮ್ಮಿನ ಎದುರು ಡ್ಯಾಂಟೊ

ಊರೂರಿನ ವೃತ್ತಗಳಲ್ಲಿ ಗುಜರಿ ಕಬ್ಬಿಣದ ನವಿಲು, ಗುಜರಿ ಕುದುರೆ ನಿಲ್ಲಿಸಿ, ಪಕ್ಕದ ಫಲಕದಲ್ಲಿ ‘ಕಸದಿಂದ ರಸ’ ಎಂದು ಬರೆಸುವುದು ಈಗ ರೂಢಿ. ದೆಹಲಿಯಲ್ಲಿ 2019ರಲ್ಲಿ ಸುಮಾರು 150 ಟನ್ ಗುಜರಿಯಿಂದ ತಾಜ್‌ಮಹಲು, ಐಫೆಲ್ ಗೋಪುರ ಇತ್ಯಾದಿ ಏಳು ಅದ್ಭುತಗಳ ಪ್ರತಿಕೃತಿ ಮಾಡಿಸಿ ಒಂದು ಉದ್ಯಾನವನ್ನೇ ತೆರೆದರು. ಕಸ ಕಡಿಮೆಯಾಗಬೇಕೆಂಬ ಕಾಳಜಿಗೆ ಯಾರ ಆಕ್ಷೇಪವೂ ಇರಲಾರದು. ಆ ಲೆಕ್ಕವನ್ನು ಟನ್ನುಗಳಲ್ಲೇ ಹಾಕಿಕೊಳ್ಳಲಿ. ತಕರಾರು ಇರುವುದು, ಇವನ್ನೆಲ್ಲ ಹೊಗಳುವವರು ಎಸೆದ ವಸ್ತುವೇ ಕಲೆಯಾಗುತ್ತದೆ ಎಂಬ ಆಧುನಿಕ ಕಲಾತತ್ತ್ವವನ್ನು ಸಾಕ್ಷಿಗೆ ಕರೆಯುವಾಗ. ಗುಜರಿ ತಾಜ್‌ಮಹಲಿನಲ್ಲಿ ಹಳೆಯ ಪೈಪಿನ ಬದಲು ಅಂಗಡಿಯಿಂದ ತಂದ ಹೊಸ ಪೈಪು ಜೋಡಿಸಿ ನೋಡಿ: ಗುಮ್ಮಟ ಗುಮ್ಮಟವಾಗಿಯೇ ಉಳಿಯುತ್ತದೆ, ಬಹುಶಃ ಇನ್ನಷ್ಟು ಚೆನ್ನಾಗಿ. ಪೈಪು ಯಾವ ಮನೆಗೆ ನೀರು ಹರಿಸಿತ್ತು ಎಂಬುದು ಅಲ್ಲಿ ಯಾರಿಗೂ ಬೇಕಿಲ್ಲ. ವಸ್ತುವನ್ನು ಬದಲಿಸಿದರೂ ಕೆಡದ ಕೃತಿಗೆ ವಸ್ತು ಬರಿಯ ಸಾಮಗ್ರಿ. ಬದಲಿಸಿದ ಕೂಡಲೇ ಕೃತಿಯೇ ಇಲ್ಲವಾದರೆ ಮಾತ್ರ, ಎಸೆದ ವಸ್ತುವಿಗೆ ಅಲ್ಲಿ ಏನೋ ಕೆಲಸವಿದೆ ಎನ್ನಬಹುದು.

ಎರಡನೆಯ ಬಗೆಗೆ ಶೀಲಾ ಗೌಡರಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಚಿತ್ರಕಲೆಯಿಂದ ಹೊರಟು, ಸೆಗಣಿ, ಕುಂಕುಮ, ಡಾಂಬರು ಡ್ರಮ್ಮುಗಳ ಕಡೆಗೆ ಬಂದವರು ಅವರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಕಾಣಿಸಿದ ಅವರ ‘ಬಿಹೋಲ್ಡ್’ ಕೃತಿಯಲ್ಲಿ ಇರುವುದು ಎರಡೇ ವಸ್ತು: ಕಾರಿನ ಉಕ್ಕಿನ ಬಂಪರುಗಳು ಮತ್ತು ಮನುಷ್ಯರ ಕೂದಲಿನಿಂದ ಹೊಸೆದ ಕಿಲೋಮೀಟರುಗಟ್ಟಲೆ ಹಗ್ಗ. ಹಗ್ಗ ಗೋಡೆಯ ಉದ್ದಕ್ಕೂ ಇಳಿದು, ನೆಲದಲ್ಲಿ ಸಿಕ್ಕುಸಿಕ್ಕಾಗಿ ಬಿದ್ದು, ನಡುನಡುವೆ ಬಂಪರುಗಳನ್ನು ಎತ್ತಿ ಹಿಡಿದಿದೆ. ಇಂಥ ಕೂದಲು ಎಲ್ಲಿಯದು? ಹೈದರಾಬಾದಿನ ಉಪ್ಪಲ್‌ನಿಂದ ಯಾದಗಿರಿಗುಟ್ಟ ಎಂಬ ದೇವಸ್ಥಾನದ ಬೆಟ್ಟದ ದಾರಿ ಹಿಡಿದರೆ ಉತ್ತರ ಸಿಗುತ್ತದೆ. ಹರಕೆ ಹೊತ್ತವರು ಬೆಟ್ಟದಲ್ಲಿ ಮುಡಿ ಕೊಡುತ್ತಾರೆ, ತಿರುಮಲೆಯಲ್ಲಿ ಕೊಟ್ಟಂತೆಯೇ. ದಕ್ಷಿಣದ ದೇವಸ್ಥಾನಗಳ ಉದ್ದ ಕೂದಲು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಲಾರಿ, ಕಾರುಗಳ ಬಂಪರಿಗೆ ಸುತ್ತಿಕೊಳ್ಳುತ್ತದೆ. ಒಬ್ಬರ ಭಕ್ತಿ ಇನ್ನೊಬ್ಬರ ಭಯಕ್ಕೆ ಕಾವಲು, ನಡುವೆ ಮಾರುಕಟ್ಟೆ. ಕಲಾವಿದೆ ಈ ಸಂಬಂಧವನ್ನು ಕಲ್ಪಿಸಿದ್ದಲ್ಲ, ಬೀದಿಯಲ್ಲಿ ಆಗಲೇ ಇದ್ದದ್ದನ್ನು ತಿರುಗಿಸಿಟ್ಟದ್ದು: ಬಂಪರಿಗೆ ಹಗ್ಗ ಕಟ್ಟುವ ಬದಲು ಹಗ್ಗವೇ ಬಂಪರನ್ನು ಹೊತ್ತಿದೆ. ನೈಲಾನ್ ಹಗ್ಗ ಹಾಕಿದರೂ ಬಂಪರು ತೂಗುತ್ತದೆ, ಆದರೆ ಆಗ ಅಲ್ಲಿರುವುದು ಗ್ಯಾರೇಜು.

ಇಲ್ಲಿ ಆರ್ಥರ್ ಡ್ಯಾಂಟೊ ಎಂಬ ಅಮೆರಿಕದ ತತ್ತ್ವಜ್ಞಾನಿಯ ಜೊತೆ ಜಗಳವಾಡದೆ ಮುಂದೆ ಹೋಗಲಾಗದು. ಆಂಡಿ ವಾರ್ಹಾಲ್ 1964ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಬ್ರಿಲ್ಲೊ ಸೋಪ್‌ಪ್ಯಾಡಿನ ಪೆಟ್ಟಿಗೆಗಳನ್ನು ಪೇರಿಸಿದಾಗ ಡ್ಯಾಂಟೊ ಕೇಳಿದ ಪ್ರಶ್ನೆ ಪ್ರಸಿದ್ಧ: ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲದಿದ್ದರೆ, ಇದು ಕಲೆ, ಅದು ಅಲ್ಲ, ಹೇಗೆ? ಅವನ ಉತ್ತರ, ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ; ಕಲೆಯ ಚರಿತ್ರೆ ಮತ್ತು ಸಿದ್ಧಾಂತಗಳ ವಾತಾವರಣವೊಂದು ಆ ವಸ್ತುವನ್ನು ಮೇಲಕ್ಕೆತ್ತುತ್ತದೆ. ಚುರುಕಾದ ವಾದ, ಮುಂದೆ ಎಷ್ಟೋ ಮಂದಿ ಬಡಬಡಿಸಿದ ವಾದವೂ ಹೌದು. ಆದರೆ ವಾರ್ಹಾಲನ ಪೆಟ್ಟಿಗೆಗಳು ಪ್ಲೈವುಡ್ಡಿನವು, ಅಂಗಡಿಯವು ರಟ್ಟಿನವು. ಡ್ಯಾಂಟೊಗೆ ಇದು ಗೊತ್ತಿತ್ತು, ಗೊತ್ತಿದ್ದೂ ಮುಖ್ಯವಲ್ಲವೆಂದ. ಬಡಗಿ ಮಾಡಿದ ಕೆಲಸ, ಮರದ ತೂಕ, ಅಚ್ಚಿನ ಬಣ್ಣ ಎಲ್ಲವನ್ನೂ ‘ನೋಡಲು ಒಂದೇ’ ಎಂಬ ಮಾತಿನಲ್ಲಿ ಒರೆಸಿಹಾಕಿ ಕಟ್ಟಿದ ಸಿದ್ಧಾಂತ ಇದು. (ಅಂಗಡಿಯ ಆ ರಟ್ಟಿನ ಪೆಟ್ಟಿಗೆಯ ವಿನ್ಯಾಸ ಮಾಡಿದ ಜೇಮ್ಸ್ ಹಾರ್ವಿಯೂ ಚಿತ್ರಕಲಾವಿದನೇ; ಹೊಟ್ಟೆಪಾಡಿಗೆ ಆ ಕೆಲಸ ಮಾಡುತ್ತಿದ್ದ.) ವಸ್ತುವಿನಲ್ಲಿ ತನ್ನದೇ ಆದ ಏನೂ ಇಲ್ಲ, ಮೇಲಿನಿಂದ ಅರ್ಥ ಸುರಿಯಬೇಕು ಎಂಬಲ್ಲಿ ಡ್ಯಾಂಟೊನೂ ಗುಜರಿ ನವಿಲಿನ ಗುತ್ತಿಗೆದಾರನೂ ಒಂದೇ ಪಂಕ್ತಿಯವರು.

ಡ್ಯಾಂಟೊನ ಪರವಾಗಿ ಒಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ. ಲಂಡನ್ನಿನಲ್ಲಿ ‘ಬಿಹೋಲ್ಡ್’ ನೋಡುವವನಿಗೆ ಅದು ಮುಡಿಯ ಕೂದಲೆಂದು ತಿಳಿಯುವುದು ಗೋಡೆಯ ಚೀಟಿ ಓದಿ. ಹಾಗಾದರೆ ಕೃತಿಯನ್ನು ನಿಲ್ಲಿಸಿದ್ದು ವಸ್ತುವಲ್ಲ, ವಿವರಣೆಯೇ ಅಲ್ಲವೆ? ಚೀಟಿ ಬೇಕು ಎಂಬುದು ನಿಜ. ಆದರೆ ಅದರಲ್ಲಿರುವ ತಿಳಿವಳಿಕೆ ಕಲಾಸಿದ್ಧಾಂತದ್ದಲ್ಲ. ಉಪ್ಪಲ್ ರಸ್ತೆಯ ಲಾರಿ ಕ್ಲೀನರಿಗೆ ಡ್ಯಾಂಟೊನ ಹೆಸರು ಗೊತ್ತಿಲ್ಲದಿರಬಹುದು. ಹಗ್ಗ ಯಾತರದ್ದು, ಯಾಕೆ ಕಟ್ಟುವುದು ಎಂಬುದು ಚೆನ್ನಾಗಿ ಗೊತ್ತು. ಬಳಸುವವರ ಈ ತಿಳಿವಳಿಕೆಯ ಸ್ವಲ್ಪ ಪಾಲನ್ನು ಚೀಟಿ ಲಂಡನ್ನಿಗೆ ಸಾಗಿಸುತ್ತದೆ, ಅಷ್ಟೆ. ಇದಕ್ಕಿಂತ ಕಟುವಾದ ಪ್ರಶ್ನೆ ಇನ್ನೊಂದಿದೆ. ಗೌಡರ ‘ಡಾರ್ಕ್‌ರೂಮ್’ (2006) ಡಾಂಬರು ಡ್ರಮ್ಮುಗಳಿಂದ, ಡ್ರಮ್ಮು ಸೀಳಿ ತಟ್ಟಿದ ತಗಡುಗಳಿಂದ ಕಟ್ಟಿದ ಕೋಣೆ. ರಸ್ತೆ ಕೆಲಸದ ಕೂಲಿಯವರು ಅಂಥದೇ ತಗಡಿನಲ್ಲಿ ಗುಡಿಸಲು ಹಾಕಿಕೊಳ್ಳುವುದುಂಟು. ಬಡವರ ಸೂರು ಮ್ಯೂಸಿಯಂ ಸೇರಿದರೆ ಬಡವರಿಗೇನು ಬಂತು? ಏನೂ ಬರಲಿಲ್ಲ. ಕಲಾತತ್ತ್ವದ ಯಾವ ಪುಟವೂ ಇದನ್ನು ತೀರಿಸಲಾರದು. ಆದರೂ ಬಗ್ಗಿ ನುಸುಳದೆ ಆ ಕೋಣೆಯ ಒಳಗೆ ಹೋಗಲಾಗದು, ಡ್ರಮ್ಮು ಡ್ರಮ್ಮಾಗಿಯೇ ಎದುರಿಗೆ ನಿಂತಿರುತ್ತದೆ. ಯಾರ ಗುಡಿಸಲು ಎಂಬುದನ್ನು ಈ ಕೃತಿ ಮುಚ್ಚಿಡುವುದಿಲ್ಲ, ಗುಜರಿ ಕುದುರೆ ಮುಚ್ಚಿಡುತ್ತದೆ.

ನವಿಲು, ಕುದುರೆಯಂತೆ ಇನ್ನೊಂದರ ಹೋಲಿಕೆ ತಂದರೆ ವಸ್ತು ಸತ್ತೇ ಹೋಗುತ್ತದೆ ಎಂದೇನೂ ಅಲ್ಲ. ಚಂಡೀಗಢ ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷಗಳನ್ನು ಹೊತ್ತು ತಂದು ನೇಕ್‌ಚಂದ್ ಮಾಡಿದ ಗೊಂಬೆಗಳ ಮೈಯಲ್ಲಿ ಒಡೆದ ಬಳೆಗಳು ಬಳೆಗಳಾಗಿಯೇ ಮಿನುಗುತ್ತವೆ. ಕೊರಿಯದ ಶಿಲ್ಪಿ ಚೋಯ್ ಜಿಯಾಂಗ್-ಹ್ವಾ 2018ರಲ್ಲಿ ಸಿಯೋಲಿನ ರಾಷ್ಟ್ರೀಯ ಆಧುನಿಕ ಮತ್ತು ಸಮಕಾಲೀನ ಕಲಾ ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿದ್ದು ಡ್ಯಾಂಡೆಲಿಯನ್ ಹೂವಿನ ಆಕಾರ, ಆದರೆ ಜನ ತಮ್ಮ ಅಡುಗೆಮನೆಯಿಂದ ತಂದುಕೊಟ್ಟ ಸುಮಾರು 7,000 ಪಾತ್ರೆಗಳದು. ಹೊಸ ಪಾತ್ರೆ ತರಿಸಿದ್ದರೆ ಹೂವು ಉಳಿಯುತ್ತಿತ್ತು, ಕೊಟ್ಟವರು ಉಳಿಯುತ್ತಿರಲಿಲ್ಲ. ಕಷ್ಟ ಬರುವುದು ಇದೇ ಚೋಯ್ ಪ್ಲಾಸ್ಟಿಕ್ ಬುಟ್ಟಿಗಳನ್ನು ಗೋಪುರದಂತೆ ಪೇರಿಸುವಾಗ. ಅವು ಸಿಯೋಲಿನ ಸಂತೆಯ ಬುಟ್ಟಿಗಳು. ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದ ಅಚ್ಚಿನಿಂದ ಇಳಿದಿದ್ದರೂ ನಡೆಯುತ್ತಿತ್ತು, ಯಾರ ಕೈ ತಾಗಿದ ಗುರುತೂ ಬೇಕಿಲ್ಲ. ಎಲ್ಲಿಂದ ತಂದರೂ ಅದೇ ಬುಟ್ಟಿ ಎಂಬುದೇ ಆ ವಸ್ತುವಿನ ಬಾಳು ಎಂದು ಸಮರ್ಥಿಸಬಹುದು, ಸಮರ್ಥನೆ ತುಸು ಎಳೆದಂತಾಗುತ್ತದೆ. ಆ ಗೋಪುರಗಳ ಮಟ್ಟಿಗೆ ಡ್ಯಾಂಟೊನ ವಾದಕ್ಕೇ ಹೆಚ್ಚು ಬಲ. ಪಾತ್ರೆಗಳ ಹೂವಿನ ಮಟ್ಟಿಗೆ ಇಲ್ಲ, ಕೂದಲ ಹಗ್ಗದ ಮಟ್ಟಿಗಂತೂ ಇಲ್ಲವೇ ಇಲ್ಲ.