ಭೃತ್ಯಾಚಾರದ ಒಂದು ವರ್ಷ



ಪಂಚಾಚಾರಗಳಲ್ಲಿ ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರಗಳ ತರುವಾಯ ಕಡೆಯದಾಗಿ ಬರುವುದು ಭೃತ್ಯಾಚಾರ. ಶಿವಶರಣರೇ ಹಿರಿಯರು, ತಾನು ಅವರ ಭೃತ್ಯನು ಎಂದರಿತು ನಡೆಯುವುದೇ ಅದರ ಲಕ್ಷಣವು. ಈ ಲಕ್ಷಣವನ್ನು ನಾನು ಪಾಠಶಾಲೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬಾಯಿಪಾಠ ಮಾಡಿಸುತ್ತ ಬಂದಿದ್ದೇನೆ. ಆದರೆ ಪಂಕ್ತಿಯ ಎಲೆಗಳನ್ನು ನಾನೇ ಎತ್ತಿದ ದಿನಗಳನ್ನು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ನನ್ನಲ್ಲಿ ಓದಿದ ಹುಡುಗನೊಬ್ಬನು ಪದವಿ ಪಡೆದು, ಕೆಲಸ ದೊರೆಯದೆ, ತಂದೆಯನ್ನೂ ಕಳೆದುಕೊಂಡು, ಮನೆಯವರೊಡನೆ ಮಾತನ್ನೇ ಬಿಟ್ಟಿದ್ದನು. ಕೊರಳಲ್ಲಿ ಇಷ್ಟಲಿಂಗವಿದ್ದಿತು; ಪೂಜೆ ಮಾತ್ರ ನಿಂತುಹೋಗಿದ್ದಿತು. ಅವನ ತಾಯಿಯ ಕೋರಿಕೆಯಂತೆ ಒಂದು ವರ್ಷ ಮಠದ ದಾಸೋಹದಲ್ಲಿ ಸೇವೆ ಮಾಡೆಂದು ಹೇಳಿದೆನು.

“ಗುರುಗಳೇ, ನನಗೆ ನಂಬಿಕೆಯಿಲ್ಲ. ನಂಬಿಕೆಯಿಲ್ಲದವನು ಮಠದಲ್ಲಿದ್ದರೆ ಅದು ವಂಚನೆಯಾಗುವುದಿಲ್ಲವೆ?” ಎಂದನು.

“ಅಕ್ಕಿ ತೊಳೆಯುವುದಕ್ಕೆ ನಂಬಿಕೆ ಬೇಡ, ನೀರು ಬೇಕು. ಬಾ” ಎಂದೆನು.

ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವುದು, ಕೊಪ್ಪರಿಗೆ ಉಜ್ಜುವುದು, ಮುದ್ದೆ ಕಟ್ಟುವುದು, ಬಡಿಸುವುದು, ಎಲೆ ಎತ್ತುವುದು, ನೆಲ ಸಾರಿಸುವುದು. ಮೊದಲ ತಿಂಗಳುಗಳಲ್ಲಿ ಅವನು ಯಾರೊಡನೆಯೂ ಸೇರಲಿಲ್ಲ. ಎಲ್ಲರೂ ಉಂಡ ಮೇಲೆ ಕಂಬದ ಮರೆಯಲ್ಲಿ ಒಬ್ಬನೇ ಕುಳಿತು ಉಣ್ಣುತ್ತಿದ್ದನು. ಅಡುಗೆಮನೆಯ ಹಿರಿಯರೊಬ್ಬರಿದ್ದರು, ಅಕ್ಷರ ಬಾರದವರು. ಅವರು ಪ್ರತಿದಿನವೂ ಸೌಟು ಹಿಡಿಯುವ ಮುನ್ನ ಕುಳಿತ ಪಂಕ್ತಿಗೆ ಕೈಮುಗಿಯುತ್ತಿದ್ದರು. ಶಾಲೆಯ ಮಕ್ಕಳಿಗೂ ಭಿಕ್ಷುಕರಿಗೂ ಅದೇ ನಮಸ್ಕಾರ. ಇದು ಹುಡುಗನಿಗೆ ವಿಚಿತ್ರವಾಗಿ ತೋರಿತು.

ವಿಚಿತ್ರವೇನೂ ಇಲ್ಲ. ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹವೆಂದರೆ ‘ದಾಸೋಽಹಂ’, ನಾನು ದಾಸನು ಎಂಬ ಭಾವ. ಅಲ್ಲಿ ಉಣ್ಣುವವನೇ ಜಂಗಮ, ಬಡಿಸುವವನು ಋಣಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಅಕ್ಕಿ ತಮ್ಮದಲ್ಲವೆಂಬುದನ್ನು ಆ ತಾಯಿ ಅರಿತಿದ್ದಳು. ನಮ್ಮ ಕಾಲದಲ್ಲಿಯೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತಂದಿನಿಂದ 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿ ಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಅದನ್ನು ಕಂಡವರಿಗೆ ದಾಸೋಹಕ್ಕೆ ಬೇರೆ ಭಾಷ್ಯ ಬೇಕಿಲ್ಲ.

ಆದರೆ ನಮ್ಮ ಹುಡುಗನಿಗೆ ಅದು ಕಥೆಯಿಂದ ತಿಳಿಯಲಿಲ್ಲ. ಶಿವರಾತ್ರಿಯ ಮರುದಿನ ಹಗಲೆಲ್ಲ ಬಡಿಸಿ ದಣಿದಿದ್ದನು. ಪಂಕ್ತಿಗಳು ಮುಗಿದು ಕೊಪ್ಪರಿಗೆ ಬರಿದಾಗಿದ್ದಿತು. ಆಗ ಮಗುವನ್ನು ಎತ್ತಿಕೊಂಡ ಮುದುಕಿಯೊಬ್ಬಳು ಬಾಗಿಲಿಗೆ ಬಂದಳು. “ಆಯಿತು ಹೋಗಮ್ಮ, ಇಷ್ಟು ಹೊತ್ತಿಗೆ ಬಂದರೆ?” ಎಂದು ಕದವನ್ನು ಮುಚ್ಚಿದನು. ಒಳಗೆ ಕೇಳಿಸಿಕೊಂಡ ಹಿರಿಯರು ಬೈಯಲಿಲ್ಲ. ಎದ್ದು ಒಲೆಗೆ ಎರಡು ಕಟ್ಟಿಗೆ ಇಟ್ಟು, ಸೇರಕ್ಕಿ ತೊಳೆಯುತ್ತ, “ಕರಕೊಂಡು ಬಾ, ತಮ್ಮಾ” ಎಂದರಷ್ಟೆ.

ಅವನು ಹೊರಗೆ ಓಡಿದನು. ಬೀದಿಯಲ್ಲಿ ಹುಡುಕಿದನು, ಬಸ್ಸುಗಳ ಬಳಿ ಹುಡುಕಿದನು. ಆಕೆ ಸಿಕ್ಕಲಿಲ್ಲ. ಹಿಂದಿರುಗುವಾಗ ಅನ್ನ ಬೆಂದಿದ್ದಿತು. ಆ ಅನ್ನವನ್ನು ಹಿರಿಯರು ಕೆಲಸದವರೆಲ್ಲರನ್ನೂ ಕೂಡಿಸಿ ಬಡಿಸಿದರು. ಇವನಿಗೂ ಕೈಮುಗಿದೇ ಬಡಿಸಿದರು. ಅಂದು ಮೊದಲಬಾರಿಗೆ ಅವನು ಕಂಬದ ಮರೆಯನ್ನು ಬಿಟ್ಟು ಪಂಕ್ತಿಯಲ್ಲಿ ಕುಳಿತು ಉಂಡನು. ಉಣ್ಣುವಾಗ ಅತ್ತನೆಂದು ಪಕ್ಕದಲ್ಲಿದ್ದವರು ಹೇಳಿದರು.

ತಪ್ಪು ಅಳಿಯಿತೆಂದು ನಾನು ಹೇಳಲಾರೆ. ಆ ಮಗುವಿನ ಹಸಿವು ಹಸಿವೇ. ಆದರೆ ಆ ದಿನದಿಂದ ಬಾಗಿಲ ಕೆಲಸವನ್ನು ಅವನು ಕೇಳಿ ಪಡೆದನು. ಎರಡು ಸೇರು ಅಕ್ಕಿಯನ್ನು ತೊಳೆದು ಬೇರೆಯಾಗಿರಿಸಿದ ಹೊರತು ಒಲೆಯನ್ನು ಆರಿಸಗೊಡುತ್ತಿರಲಿಲ್ಲ. ವಾರದ ಸಂತೆಗೆ ಬರುವ ಮುದುಕಿಯರ ಹೆಸರುಗಳೆಲ್ಲ ಅವನಿಗೆ ಬಾಯಿಗೆ ಬಂದವು. ಅಡುಗೆಮನೆಯವರು ಅವನ ಮನೆಯವರಾದರು.

ವರ್ಷ ಮುಗಿಯುವ ಹೊತ್ತಿಗೆ ಒಂದು ನಸುಕಿನಲ್ಲಿ ನಾನು ಅಡುಗೆಮನೆಯ ಹಿಂದೆ ಹಾದುಹೋಗುತ್ತಿದ್ದೆನು. ಒಲೆ ಹೊತ್ತಿಸುವ ಮೊದಲು ಅವನು ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು ಕುಳಿತಿದ್ದನು. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ಮೂಲೆಯಲ್ಲಿದ್ದ ಪೊರಕೆಯನ್ನು ತೆಗೆದುಕೊಂಡು ಪಂಕ್ತಿಯ ಸಾಲೆಯ ಕಡೆಗೆ ಹೋದೆನು.